ಇನ್ಸುಲಿನ್ ಪಂಪ್: ಯಾರಿಗೆ, ಏಕೆ, ಯಾವಾಗ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾಸಂಘದ ವಾರ್ಷಿಕೋತ್ಸವದಲ್ಲಿ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಾನು ಇಂದು ಹೇಳಲಿರುವುದು ಶಾಲೆಗೆ ಸಂಬಂಧಿಸಿದ ವಿಷಯವೇ. ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಮೂರು ವರ್ಷದ ಮಗುವಿಗೂ, ಎಂಟನೇ ತರಗತಿಯ ಹುಡುಗಿಗೂ ಅದು ಬರುತ್ತದೆ. ಅಂತಹ ಮಗುವಿನ ಓದು ನಿಂತುಹೋಗುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಮಧ್ಯಾಹ್ನದ ಸೂಜಿಯನ್ನು ಶಾಲೆಯಲ್ಲಿ ಎಲ್ಲಿ ಹಾಕಿಕೊಳ್ಳುವುದು, ಯಾರಿಗೆ ಹೇಳುವುದು, ತಲೆ ತಿರುಗಿ ಬಿದ್ದರೆ ಯಾರು ನೋಡುವುದು ಎಂಬ ಹೆದರಿಕೆಯಿಂದ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಲೆಕ್ಕದಂತೆ ಟೈಪ್-1 ಮಧುಮೇಹವಿರುವ ಮಕ್ಕಳು ಮತ್ತು ಹದಿಹರೆಯದವರು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ನಮ್ಮ ದೇಶದಲ್ಲಿ, ಸುಮಾರು 2 ಲಕ್ಷ 29 ಸಾವಿರ.

ಹಾಸನದಲ್ಲಿ ಮಧುಮೇಹಿಗಳ ಜೊತೆ ಕೆಲಸ ಮಾಡುವ ನನಗೆ ಈಚೆಗೆ ಪೋಷಕರಿಂದ ಬರುವ ಮೊದಲ ಪ್ರಶ್ನೆ ಒಂದೇ. "ಪಂಪ್ ಅಂತ ಬಂದಿದೆಯಂತಲ್ಲ, ಅದನ್ನು ಹಾಕಿಸಿಬಿಟ್ಟರೆ ಸೂಜಿಯೂ ಬೇಡ, ಪಥ್ಯವೂ ಬೇಡ ಅಂತಾರೆ, ಹೌದಾ?" ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿರುತ್ತಾರೆ. ಜಮೀನು ಅಡವಿಟ್ಟಾದರೂ ತರೋಣ ಎಂದು ನಿರ್ಧರಿಸಿಕೊಂಡೇ ಬಂದಿರುತ್ತಾರೆ. ಅವರ ಪ್ರಶ್ನೆಗೆ ಅರ್ಧ ಹೌದು, ಅರ್ಧ ಅಲ್ಲ ಎನ್ನುವುದು ಉತ್ತರ. ಆ ಎರಡು ಅರ್ಧಗಳನ್ನು ಬಿಡಿಸಿ ಹೇಳುವುದೇ ಇಂದಿನ ನನ್ನ ಕೆಲಸ.

ಮೊದಲಿಗೆ ಒಂದು ಮಾತು. ಈ ಸಭೆಯಲ್ಲಿ ಮಾತ್ರೆ ನುಂಗುತ್ತಿರುವ ಚಾಚಾಗಳು, ಖಾಲಾಗಳು ಬಹಳ ಮಂದಿ ಇದ್ದೀರಿ. ನಿಮ್ಮದು ಹೆಚ್ಚುಪಾಲು ಟೈಪ್-2. ನಿಮ್ಮ ದೇಹದಲ್ಲಿ ಇನ್ಸುಲಿನ್ ಇದೆ, ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಥವಾ ಸಾಲುತ್ತಿಲ್ಲ. ನಿಮಗೆ ಸಾಮಾನ್ಯವಾಗಿ ಪಂಪ್ ಬೇಕಾಗುವುದಿಲ್ಲ, ನಡಿಗೆ ಬೇಕು. ಟೈಪ್-1 ಬೇರೆಯೇ ಕತೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿಬಿಡುತ್ತದೆ. ಮಗು ಹೆಚ್ಚು ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿ ಬಸುರಿಯಲ್ಲಿ ಏನೋ ತಿಂದದ್ದರಿಂದಲೂ ಅಲ್ಲ. ಆ ಮಗುವಿಗೆ ಇನ್ಸುಲಿನ್ ಔಷಧಿಯಲ್ಲ, ಉಸಿರಿನ ಹಾಗೆ. ಒಂದೆರಡು ದಿನ ನಿಲ್ಲಿಸಿ ನಾಟಿ ಕಷಾಯ ಕುಡಿಸಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

1922ಕ್ಕೆ ಮೊದಲು ಇಂತಹ ಮಕ್ಕಳು ಒಂದೆರಡು ವರ್ಷಗಳಲ್ಲಿ ಸೊರಗಿ ಸಾಯುತ್ತಿದ್ದರು. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಮತ್ತು ಅವರ ಸಂಗಡಿಗರು ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಸಲ ಕೊಟ್ಟರು. ಆ ಔಷಧಿಯ ಹಕ್ಕನ್ನು ಅವರು ವಿಶ್ವವಿದ್ಯಾಲಯಕ್ಕೆ ತಲಾ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಮಕ್ಕಳ ದಿನವೂ ಅಂದೇ ಬರುವುದು ಕಾಕತಾಳೀಯ.

ನಮ್ಮ ಹಿರಿಯರಲ್ಲಿ ಕೆಲವರಿಗೆ ಇನ್ನೂ ಒಂದು ಸಂಶಯವಿದೆ. ಇನ್ಸುಲಿನ್ ಹಂದಿಯಿಂದ ತೆಗೆದದ್ದಲ್ಲವೇ ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ. ಹಿಂದೆ ಹಸು ಮತ್ತು ಹಂದಿಯ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. 1982ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ 2004ರಲ್ಲಿ ಯೀಸ್ಟ್ ಜಾತಿಯ ಜೀವಿಯಿಂದ ಇನ್ಸುಲಿನ್ ತಯಾರಿಸಿ ಬಿಡುಗಡೆ ಮಾಡಿತು. ಇಂದು ಸಾಮಾನ್ಯವಾಗಿ ಮೆಡಿಕಲ್ ಅಂಗಡಿಯಲ್ಲಿ ಸಿಗುವುದು ಇಂತಹದ್ದೇ. ಪಂಪಿನಲ್ಲಿ ತುಂಬುವುದೂ ಪ್ರಾಣಿಜನ್ಯ ಇನ್ಸುಲಿನ್ ಅಲ್ಲ.

ಈಗ ಪಂಪಿಗೆ ಬರೋಣ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಕೊಡುವುದು ಎರಡು ರೀತಿಯಲ್ಲಿ. ಒಂದು, ಹಗಲೂ ರಾತ್ರಿ ತೊಟ್ಟುತೊಟ್ಟಾಗಿ. ನಾವು ಮಲಗಿರುವಾಗಲೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ, ಅದನ್ನು ಹಿಡಿತದಲ್ಲಿಡಲು. ಇನ್ನೊಂದು, ಊಟ ಮಾಡಿದಾಗ ಒಮ್ಮೆಲೇ ಒಂದಷ್ಟು. ಸೂಜಿಯಲ್ಲಿ ಇದನ್ನು ಅನುಕರಿಸಬೇಕಾದರೆ ದಿನಕ್ಕೊಮ್ಮೆ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಮೂರು ಊಟಕ್ಕೆ ಮೂರು ಸಲ ಬೇಗ ಕೆಲಸ ಮಾಡುವ ಇನ್ಸುಲಿನ್, ಒಟ್ಟು ನಾಲ್ಕು ಚುಚ್ಚು. ಪಂಪ್ ಎಂದರೆ ಸಣ್ಣ ಮೊಬೈಲಿನಷ್ಟು ದೊಡ್ಡದಾದ, ಬೆಲ್ಟಿಗೋ ಒಳಜೇಬಿಗೋ ಸಿಕ್ಕಿಸಿಕೊಳ್ಳುವ ಯಂತ್ರ. ಒಳಗೆ ಇನ್ಸುಲಿನ್ ತುಂಬಿದ ಸಣ್ಣ ಕೊಳವೆ, ಅದನ್ನು ಕೂದಲೆಳೆಯಷ್ಟು ನಿಧಾನವಾಗಿ ತಳ್ಳುವ ಮೋಟಾರು. ಅಲ್ಲಿಂದ ಹೊರಟ ತೆಳು ಪ್ಲಾಸ್ಟಿಕ್ ನಳಿಕೆಯ ತುದಿ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಕೂತಿರುತ್ತದೆ. ಪಂಪಿನಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಒಂದೇ ಬಳಕೆ. ತೊಟ್ಟುತೊಟ್ಟಾಗಿ ಬಿಡುವುದೂ ಅದನ್ನೇ, ಊಟದ ಹೊತ್ತಿಗೆ ಗುಂಡಿ ಒತ್ತಿ ಬಿಡುವುದೂ ಅದನ್ನೇ.

1960ರ ದಶಕದಲ್ಲಿ ಅಮೆರಿಕದ ಅರ್ನಾಲ್ಡ್ ಕೇಡಿಷ್ ಎಂಬ ವೈದ್ಯರು ಮಾಡಿದ ಯಂತ್ರ ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದಿತ್ತು. 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮೊದಲಾದವರು ಚರ್ಮದಡಿ ನಿರಂತರವಾಗಿ ಇನ್ಸುಲಿನ್ ಬಿಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಚಿಕಿತ್ಸೆಯಾಗಿ ಬೆಳೆಯಿತು.

ಸೂಜಿಯಿಂದ ಪಂಪಿಗೆ ಬದಲಾದರೆ ಆಗುವ ಲಾಭವೇನು? ಮೊದಲು ಮಕ್ಕಳಿಗೇ ಅರ್ಥವಾಗುವ ಲೆಕ್ಕ. ದಿನಕ್ಕೆ ನಾಲ್ಕು ಚುಚ್ಚಾದರೆ ವರ್ಷಕ್ಕೆ 1,460. ಪಂಪಿನ ನಳಿಕೆಯನ್ನು ಮೂರು ದಿನಕ್ಕೊಮ್ಮೆ ಬದಲಾಯಿಸಿದರೆ ವರ್ಷಕ್ಕೆ 122 ಚುಚ್ಚು. ಆದರೆ ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಲಾಭವಲ್ಲ. ಇಂದಿನ ಪೆನ್ನಿನ ಸೂಜಿ ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ.

ದೊಡ್ಡ ಲಾಭ ಇರುವುದು ಬೇರೆ ಕಡೆ. ನಿಧಾನದ ಇನ್ಸುಲಿನ್ನನ್ನು ರಾತ್ರಿ ಒಮ್ಮೆ ಚುಚ್ಚಿದ ಮೇಲೆ ಹಿಂದಕ್ಕೆ ತೆಗೆಯಲಾಗದು. ಮರುದಿನ ಮಗುವಿಗೆ ವಾಂತಿಯಾಗಲಿ, ಶಾಲೆಯಲ್ಲಿ ಕ್ರೀಡಾಕೂಟವಿರಲಿ, ಅಪ್ಪನ ಜೊತೆ ಶುಂಠಿ ಕೀಳಲು ಹೋಗಲಿ, ಒಳಗಿರುವ ಇನ್ಸುಲಿನ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಸಕ್ಕರೆ ಕುಸಿಯುತ್ತದೆ. ಪಂಪಿನಲ್ಲಾದರೆ ಆಟಕ್ಕೆ ಮೊದಲೇ ಹರಿವನ್ನು ಅರ್ಧಕ್ಕೆ ಇಳಿಸಬಹುದು, ಸ್ವಲ್ಪ ಹೊತ್ತು ನಿಲ್ಲಿಸಲೂಬಹುದು. ಸ್ನಾನದ ಹೊತ್ತಿಗೆ ಬಿಚ್ಚಿಟ್ಟು ಮತ್ತೆ ಸಿಕ್ಕಿಸಿಕೊಳ್ಳಬಹುದು. ಇನ್ನು ಬೆಳಗಿನ ಜಾವದ ಸಮಸ್ಯೆ. ನಾಲ್ಕೈದು ಗಂಟೆಗೆ ದೇಹದಲ್ಲಿ ಕೆಲವು ಹಾರ್ಮೋನುಗಳು ಏರಿ, ಏನೂ ತಿನ್ನದಿದ್ದರೂ ಸಕ್ಕರೆ ಮೇಲಕ್ಕೆ ಹೋಗುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದು ಹೆಚ್ಚು. "ರಾತ್ರಿ ಕದ್ದು ಏನೋ ತಿಂದಿದ್ದೀಯ" ಎಂದು ಮಗುವನ್ನು ಗದರಿಸುವ ಮನೆಗಳಿವೆ. ಪಾಪ, ಅದು ತಿಂದಿರುವುದೇ ಇಲ್ಲ. ಪಂಪಿಗೆ ಮಧ್ಯರಾತ್ರಿ ಇಷ್ಟು, ನಸುಕಿನಲ್ಲಿ ಇಷ್ಟು ಎಂದು ಗಂಟೆಗಂಟೆಯ ಲೆಕ್ಕವನ್ನು ಮೊದಲೇ ಹೇಳಿಡಬಹುದು. ಪುಟ್ಟ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಎರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದೇ ಬೆರಳೆಣಿಕೆಯ ಯೂನಿಟ್ಟುಗಳು. ಪೆನ್ನಿನಲ್ಲಿ ಅರ್ಧ ಯೂನಿಟ್ಟಿಗಿಂತ ಕಡಿಮೆ ಹಾಕಲಾಗದು. ಪಂಪ್ ಯೂನಿಟ್ಟಿನ ನಲವತ್ತನೇ ಒಂದು ಭಾಗದಷ್ಟನ್ನೂ ಅಳೆದು ಬಿಡಬಲ್ಲದು.

ಊಟದ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ರಾಗಿ ಮುದ್ದೆಯಲ್ಲಿ ಸಕ್ಕರೆಯಿಲ್ಲ, ಎಷ್ಟು ತಿಂದರೂ ಆದೀತು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಹತ್ತಿರಹತ್ತಿರ 70 ಗ್ರಾಂ ಪಿಷ್ಟವಿದೆ. ಅಕ್ಕಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಮಗುವಿಗೆ 10 ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್ ಎಂದು ವೈದ್ಯರು ಗೊತ್ತುಮಾಡಿದ್ದರೆ, ಆ ಮುದ್ದೆಗೆ ಏಳು ಯೂನಿಟ್ ಬೇಕು. ಅರ್ಧ ಮುದ್ದೆ ಉಂಡರೆ ಮೂರೂವರೆ. ಈ ಲೆಕ್ಕ ಬಂದರೆ ಮಗು ಹಸಿದಷ್ಟು ಉಣ್ಣಬಹುದು, ಸೂಜಿಗೆ ತಕ್ಕಂತೆ ತುರುಕಿಕೊಳ್ಳಬೇಕಾಗಿಲ್ಲ. ಮದುವೆಯ ಬಿರಿಯಾನಿಯದು ಇನ್ನೊಂದು ಲೆಕ್ಕ. ಕೊಬ್ಬು ಹೆಚ್ಚಿರುವ ಊಟ ನಿಧಾನವಾಗಿ ಜೀರ್ಣವಾಗುತ್ತದೆ. ಉಂಡು ಮೂರು ನಾಲ್ಕು ಗಂಟೆಯ ಮೇಲೆ ಸಕ್ಕರೆ ಏರುತ್ತದೆ. ಪಂಪಿಗೆ ಅರ್ಧ ಈಗ ಬಿಡು, ಉಳಿದರ್ಧವನ್ನು ಮುಂದಿನ ಮೂರು ಗಂಟೆ ಹಂಚಿ ಬಿಡು ಎಂದು ಹೇಳಬಹುದು. ಒಂದೇ ಸೂಜಿಯಲ್ಲಿ ಇದು ಆಗುವ ಕೆಲಸವಲ್ಲ.

ಈಗಿನ ಹೊಸ ಪಂಪುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಚರ್ಮದಡಿ ಕೂರುವ ಸೆನ್ಸರ್ ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಮಟ್ಟವನ್ನು ಪಂಪಿಗೆ ತಿಳಿಸುತ್ತದೆ. ಇಳಿಯುವ ಲಕ್ಷಣ ಕಂಡರೆ ಪಂಪ್ ತಾನೇ ಹರಿವು ತಗ್ಗಿಸುತ್ತದೆ, ಏರಿದರೆ ಹೆಚ್ಚಿಸುತ್ತದೆ. ಇಂತಹ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2016ರಲ್ಲಿ. ಈಗ ಭಾರತದಲ್ಲೂ ಸಿಗುತ್ತವೆ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಮಗುವಿನ ಬೆರಳು ಚುಚ್ಚಿ ನೋಡುವ ತಾಯಂದಿರಿಗೆ ಇದರ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಆದರೂ ಊಟದ ಲೆಕ್ಕವನ್ನು ಮನುಷ್ಯರೇ ಹೇಳಬೇಕು. ಯಂತ್ರಕ್ಕೆ ತಟ್ಟೆ ಕಾಣುವುದಿಲ್ಲ.

ಇಷ್ಟು ಒಂದು ಅರ್ಧ. ಇನ್ನೊಂದು ಅರ್ಧವನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ, ನಾನು ಜೋರಾಗಿ ಹೇಳುತ್ತೇನೆ.

ಪಂಪಿನಲ್ಲಿ ನಿಧಾನದ ಇನ್ಸುಲಿನ್ ಇರುವುದಿಲ್ಲ ಎಂದೆನಲ್ಲ, ಅದರಲ್ಲೇ ಅಪಾಯವೂ ಇದೆ. ನಳಿಕೆ ಮಡಚಿಕೊಂಡರೆ, ಕಿತ್ತು ಬಂದರೆ, ಸೆಲ್ ಮುಗಿದರೆ, ದೇಹದಲ್ಲಿ ದಾಸ್ತಾನು ಎಂಬುದೇ ಇಲ್ಲ. ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಶುರುವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ. ಅದನ್ನು ಅಜೀರ್ಣ ಎಂದು ಓಮದ ನೀರು ಕುಡಿಸಿ ಕೂರುವಂತಿಲ್ಲ. ಆದ್ದರಿಂದ ಪಂಪ್ ಇರುವ ಮನೆಯಲ್ಲಿಯೂ ಪೆನ್ನು, ಸಿರಿಂಜು, ಎರಡೂ ಬಗೆಯ ಇನ್ಸುಲಿನ್ ಸದಾ ಇರಬೇಕು. ಮಳೆಗಾಲದ ರಾತ್ರಿ ಮಲ್ಲಿಪಟ್ಟಣದಿಂದ ಹಾಸನ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನು ಲೆಕ್ಕ ಹಾಕಿಯೇ ಪಂಪಿನ ಮಾತು ಆಡಬೇಕು.

ಹಣದ ಮಾತು. ಯಂತ್ರದ ಬೆಲೆ ಲಕ್ಷಗಳಲ್ಲಿದೆ. ಅದು ಒಮ್ಮೆ ಕೊಡುವ ಹಣ, ದಾನಿಗಳು ಯಾರಾದರೂ ಕೊಟ್ಟಾರು. ಆಮೇಲೆ ನಳಿಕೆ, ಇನ್ಸುಲಿನ್ ಕೊಳವೆ, ಸೆನ್ಸರ್ ಎಂದು ತಿಂಗಳು ತಿಂಗಳು ಬರುವ ಸಾವಿರಾರು ರೂಪಾಯಿಯ ಖರ್ಚನ್ನು ಯಾರು ಕೊಡುತ್ತಾರೆ? ಮೊದಲ ಉತ್ಸಾಹದಲ್ಲಿ ಪಂಪ್ ಕೊಂಡು, ಬಿಡಿಭಾಗಕ್ಕೆ ದುಡ್ಡಿಲ್ಲದೆ ಬೀರುವಿನಲ್ಲಿಟ್ಟು ಮತ್ತೆ ಸೂಜಿಗೆ ಮರಳಿದವರಿದ್ದಾರೆ. ಮೂರು ದಿನದ ನಳಿಕೆಯನ್ನು ವಾರ ಎಳೆದು ಚರ್ಮ ಕೀವು ಮಾಡಿಕೊಳ್ಳುವವರೂ ಇದ್ದಾರೆ. ಇಂತಹ ಪಂಪಿಗಿಂತ ನೆಟ್ಟಗೆ ಹಾಕುವ ನಾಲ್ಕು ಸೂಜಿ ಎಷ್ಟೋ ಮೇಲು.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಮಂದಿ ಟೈಪ್-1 ಮಧುಮೇಹಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದು ಗುಂಪಿಗೆ ದಿನಕ್ಕೆ ಒಂದೆರಡು ಸೂಜಿ. ಇನ್ನೊಂದು ಗುಂಪಿಗೆ ಬಿಗಿಯಾದ ಚಿಕಿತ್ಸೆ, ಅಂದರೆ ದಿನಕ್ಕೆ ಮೂರು ಅಥವಾ ಹೆಚ್ಚು ಸೂಜಿ, ಇಲ್ಲವೇ ಪಂಪ್. ಬಿಗಿ ಚಿಕಿತ್ಸೆಯವರಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆ ಹೊಸದಾಗಿ ಬರುವ ಅಪಾಯ ಶೇ. 76ರಷ್ಟು ತಗ್ಗಿತು. ಮೂತ್ರಪಿಂಡ, ನರಗಳಿಗೂ ದೊಡ್ಡ ರಕ್ಷಣೆ ಸಿಕ್ಕಿತು. ಜೊತೆಗೆ, ಸಕ್ಕರೆ ತೀರಾ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಾದವು, ಅದನ್ನೂ ಮುಚ್ಚಿಡಬಾರದು. ಇಲ್ಲಿ ಗಮನಿಸಬೇಕಾದದ್ದು, ಪಂಪಿನವರೂ ನಾಲ್ಕು ಸೂಜಿಯವರೂ ಒಂದೇ ಗುಂಪಿನಲ್ಲಿದ್ದರು. ಕಣ್ಣು ಉಳಿಸಿದ್ದು ಯಂತ್ರವಲ್ಲ, ದಿನಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿ ಅದಕ್ಕೆ ತಕ್ಕಂತೆ ಇನ್ಸುಲಿನ್ ಹಾಕಿಕೊಂಡ ಶಿಸ್ತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಸೆನ್ಸರ್ ಇಲ್ಲದ ಸಾದಾ ಪಂಪಿನಿಂದ ಸಿಗುವ ಇಳಿಕೆ ಸಾಮಾನ್ಯವಾಗಿ ಅರ್ಧ ಅಂಶದೊಳಗೇ. ಹಾಗಾಗಿ ನಾನು ಪೋಷಕರಿಗೆ ಹೇಳುವುದಿಷ್ಟು. ಸೂಜಿಯಲ್ಲೇ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿ ಬರೆದಿಡಿ, ಊಟದ ಲೆಕ್ಕ ಕಲಿಯಿರಿ. ಅಷ್ಟರ ಮೇಲೂ ಸಕ್ಕರೆ ಪದೇಪದೇ ಕುಸಿಯುತ್ತಿದ್ದರೆ, ಬೆಳಗಿನ ಏರಿಕೆ ಹಿಡಿತಕ್ಕೆ ಸಿಗದಿದ್ದರೆ, ಮಗು ತೀರಾ ಚಿಕ್ಕದಾಗಿದ್ದರೆ, ತಿಂಗಳ ಖರ್ಚಿಗೆ ದಾರಿಯಿದ್ದರೆ, ಪಂಪಿಗೆ ಬದಲಾಗಿ. ಆಗ ಅದು ನಿಜವಾಗಿಯೂ ಬದುಕನ್ನು ಹಗುರ ಮಾಡುತ್ತದೆ.

ರಮಝಾನ್ ವಿಷಯವನ್ನು ಹಲವರು ಕೇಳಿದ್ದಾರೆ. 2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳ ಅಧ್ಯಯನ ನಡೆಯಿತು. ಟೈಪ್-1 ಇದ್ದವರಲ್ಲಿ ಶೇ. 43ರಷ್ಟು ಮಂದಿ ಕನಿಷ್ಠ 15 ದಿನ ರೋಜಾ ಇಟ್ಟಿದ್ದರು. ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗ ಅವರಲ್ಲಿ ಉಳಿದ ತಿಂಗಳಿಗಿಂತ ನಾಲ್ಕು ಪಟ್ಟಿಗೂ ಮೀರಿ ಹೆಚ್ಚಿತ್ತು. ರೋಗಿಗಳಿಗೆ ರಿಯಾಯಿತಿ ಇರುವುದು ಸೂರಃ ಅಲ್-ಬಕರದಲ್ಲೇ ಇದೆ. ಅದರ ವಿವರವನ್ನು ಮೌಲವಿ ಸಾಹೇಬರು ನನಗಿಂತ ಚೆನ್ನಾಗಿ ಹೇಳುತ್ತಾರೆ. ವೈದ್ಯಕೀಯವಾಗಿ ಟೈಪ್-1 ಇರುವವರು ಹೆಚ್ಚಿನ ಅಪಾಯದ ಗುಂಪಿನವರು. ಪಂಪ್ ಇದ್ದರೆ ಅಸರ್ ಆದ ಮೇಲಿನ ಹೊತ್ತಿನಲ್ಲಿ ಹರಿವು ತಗ್ಗಿಸಿ, ಇಫ್ತಾರಿನ ನಂತರ ಹೆಚ್ಚಿಸುವ ಅನುಕೂಲವಿದೆ, ನಿಜ. ಆದರೆ ಪಂಪ್ ಬಂತು, ಇನ್ನು ರೋಜಾ ಇಡಲೇಬೇಕು ಎಂದು ಮಗುವಿಗೆ ಯಾರೂ ಹೇಳಬೇಡಿ. ಇಡುವ ಮನಸ್ಸಿದ್ದರೆ ಆರೆಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ರಕ್ತ ಪರೀಕ್ಷೆಗೆ ಬೆರಳು ಚುಚ್ಚಿದರೆ, ಇನ್ಸುಲಿನ್ ತೆಗೆದುಕೊಂಡರೆ ರೋಜಾ ಮುರಿಯುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ, ಆದ್ದರಿಂದ ಪರೀಕ್ಷೆ ಬಿಡಬಾರದು. 70ಕ್ಕಿಂತ ಕೆಳಗಿಳಿದರೆ ಅಥವಾ 300 ಮೀರಿದರೆ ಇಫ್ತಾರಿಗೆ ಹತ್ತೇ ನಿಮಿಷ ಉಳಿದಿದ್ದರೂ ಬಿಟ್ಟುಬಿಡಬೇಕು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಸಂಬಂಧ ಕೂಡಿಬರುವುದಿಲ್ಲ ಎಂಬ ಭಯದಿಂದ ಕಾಯಿಲೆಯನ್ನು ಮುಚ್ಚಿಡುತ್ತೇವೆ. ಪಂಪನ್ನು ದುಪಟ್ಟಾದೊಳಗೆ ಮರೆಮಾಡಬಹುದು ಎನ್ನುವುದೇ ಕೆಲವರಿಗೆ ಅದರ ದೊಡ್ಡ ಗುಣವಾಗಿ ಕಂಡಿದೆ! ಮದುವೆಯಾದ ಮನೆಯಲ್ಲಿ ಹುಡುಗಿಗೆ ನಡುರಾತ್ರಿ ಸಕ್ಕರೆ ಇಳಿದರೆ ಪಕ್ಕದಲ್ಲಿರುವವರಿಗೆ ತಿಳಿದಿರಬೇಕಲ್ಲವೇ? ಸರಿಯಾದ ಚಿಕಿತ್ಸೆಯಲ್ಲಿರುವ ಟೈಪ್-1 ಹೆಣ್ಣುಮಕ್ಕಳು ತಾಯಂದಿರಾಗುತ್ತಾರೆ, ನೌಕರಿ ಮಾಡುತ್ತಾರೆ. ಹೇಳಿಯೇ ಮದುವೆ ಮಾಡಿ.

ಶಿಕ್ಷಕರಿಗೆ ಕೆಲವು ವಿಷಯ. ತರಗತಿಯಲ್ಲಿ ಇಂತಹ ಮಗು ಬೆವರಿದರೆ, ನಡುಗಿದರೆ, ಸುಮ್ಮನೆ ಸಿಡುಕಿದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಸೊಂಟದ ಪಂಪನ್ನು ಮೊಬೈಲ್ ಎಂದು ಕಿತ್ತುಕೊಳ್ಳಬೇಡಿ. ಪರೀಕ್ಷಾ ಕೊಠಡಿಗೆ ತಿನ್ನಲು ಏನಾದರೂ ಒಯ್ಯಲು ಟೈಪ್-1 ಮಕ್ಕಳಿಗೆ ಸಿಬಿಎಸ್‌ಇ ಮಂಡಳಿ 2017ರಲ್ಲೇ ಅವಕಾಶ ಕೊಟ್ಟಿತು. ಶಾಲೆಯಲ್ಲಿ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ಹಾಕಿಕೊಳ್ಳಲು ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಎಸ್ಸೆಸ್ಸೆಲ್ಸಿ ಬರೆಯುವ ಮಗುವಿದ್ದರೆ ಮುಖ್ಯೋಪಾಧ್ಯಾಯರು ವೈದ್ಯರ ಪತ್ರದೊಂದಿಗೆ ಪರೀಕ್ಷಾ ಕೇಂದ್ರದವರ ಹತ್ತಿರ ಮೊದಲೇ ಮಾತಾಡಿಡಲಿ.

ಕೊನೆಗೆ, ಪಂಪ್ ಇರಲಿ ಬಿಡಲಿ, ನಮ್ಮ ಕಡೆ ಜೀವಕ್ಕೆ ಎರವಾಗಬಹುದಾದ ಒಂದು ಗೊಂದಲ. ಇಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನದು ಬೇರೆ, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಪೆನ್ನಿನಲ್ಲಿ, ಪಂಪಿನಲ್ಲಿ ಬಳಸುವುದು 100ರದು. ಪಂಪ್ ಕೆಟ್ಟ ದಿನ ಗಾಬರಿಯಲ್ಲಿ 100ರ ಬಾಟಲಿನಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಒಳಗೆ ಹೋಗುತ್ತದೆ. ಬಾಟಲಿನ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪ್ರತಿ ಸಲ ಓದಿ. ಓದು ಬಾರದ ಅಜ್ಜಿಯಿದ್ದರೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಿ.

ಪಂಪಿನ ಬಗ್ಗೆ ಯೋಚಿಸುತ್ತಿರುವವರು ಮೂರು ತಿಂಗಳು ಬರೆದ ಪುಸ್ತಕವನ್ನು ಕೈಯಲ್ಲಿ ಹಿಡಿದು ಮೊದಲು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ, ಅಲ್ಲಿಗೆ ಹೋಗಬಹುದು. ಮಾರಾಟಗಾರರನ್ನು ಆಮೇಲೆ ಕಾಣಿರಿ. ಸಂಘದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಫೀಸು, ಪುಸ್ತಕ, ಸಮವಸ್ತ್ರದ ಜೊತೆಗೆ ಟೈಪ್-1 ಮಗುವಿನ ರಕ್ತಪರೀಕ್ಷೆಯ ಪಟ್ಟಿಗಳನ್ನೂ ಒಂದು ಬಾಬ್ತಾಗಿ ಸೇರಿಸಿ. ಒಂದು ಪಂಪಿಗೆ ತೆರುವ ಹಣದಲ್ಲಿ ಹಲವು ಮಕ್ಕಳಿಗೆ ವರ್ಷಗಟ್ಟಲೆ ಪಟ್ಟಿ ಕೊಡಬಹುದು.

 ಪ್ರಶ್ನೆಗಳಿದ್ದರೆ ಕಾರ್ಯಕ್ರಮದ ನಂತರ ಇಲ್ಲೇ ಇರುತ್ತೇನೆ.